ಗೃಹಸ್ಥರ ಗಮನಕ್ಕೆ: ಕೆಂಧೂಳಿನ ಊರಿನಲ್ಲಿ ಬ್ರೇಕಿನ ಆರೈಕೆ

ಸಂಡೂರಿನಿಂದ ಸಹೋದರಿಯೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅವರ ಯಜಮಾನರು ತೋರಣಗಲ್ಲಿನಲ್ಲಿ ಪಾಳಿಯ ಕೆಲಸದಲ್ಲಿದ್ದು, ದಿನವೂ ಮೋಟಾರು ಸೈಕಲ್ಲಿನ ಮೇಲೆಯೇ ಹೋಗಿಬರುತ್ತಾರೆ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಅವರು ಓಣಿಯ ತಿರುವಿಗೆ ಬಂದಾಗ, ಗಾಡಿ ನಿಧಾನವಾಗುತ್ತಿದ್ದಂತೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತಹ ಕರಕರ ಸದ್ದು ಒಳಮನೆಯವರೆಗೂ ಕೇಳಿಬರುತ್ತದೆಯಂತೆ. ‘ಬರುವ ತಿಂಗಳು ಸರ್ವೀಸಿಗೆ ಬಿಟ್ಟರಾಯಿತು’ ಎಂಬ ಮಾತು ಎರಡು ತಿಂಗಳಿನಿಂದ ನಡೆದಿದೆ. ರಜೆಯ ದಿನ ಮಗುವನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು, ಇವರನ್ನು ಹಿಂದೆ ಕೂರಿಸಿಕೊಂಡು ಕುಮಾರಸ್ವಾಮಿ ಬೆಟ್ಟಕ್ಕೆ ಹೋಗಿಬರುವುದೂ ಅದೇ ಗಾಡಿಯಲ್ಲಿ. ‘ಶಾಸ್ತ್ರಿಗಳೇ, ಈ ಬ್ರೇಕು ಎಷ್ಟರಮಟ್ಟಿಗೆ ಸವೆದಿದೆ ಎಂಬುದನ್ನು ಮನೆಯಲ್ಲಿಯೇ ನೋಡಿ ತಿಳಿಯುವ ಉಪಾಯವಿದೆಯೇ? ಗಂಡಸರೇ ನೋಡಬೇಕೆಂಬ ನಿಯಮವಿದೆಯೇ?’ ಎಂದು ಅವರು ಕೇಳಿದ್ದಾರೆ.

ಇಂತಹ ನಿಯಮ ಯಾವ ಗ್ರಂಥದಲ್ಲಿಯೂ ಇಲ್ಲ. ಮೊದಲು ಆ ಸಹೋದರಿಗೆ ಉತ್ತರ ಹೇಳಿ ಮುಂದುವರಿಯುತ್ತೇವೆ. ಬ್ರೇಕು ಹಿಡಿದಾಗ ಸಣ್ಣದಾಗಿ ಕೀಚೆಂಬ ಸದ್ದು ಬಂದರೆ ಅದು ಧೂಳಿನಿಂದಲೂ ಆಗಿರಬಹುದು, ಸವೆತದಿಂದಲೂ ಆಗಿರಬಹುದು. ಆದರೆ ಕರಕರ ಎಂದು ಅರೆಯುವ ಸದ್ದು ಬಂದಿತೆಂದರೆ ಉಜ್ಜುವ ಪದಾರ್ಥ ಮುಗಿದುಹೋಗಿ, ಅದರ ಬೆನ್ನಿನ ಕಬ್ಬಿಣದ ತಗಡು ಡಿಸ್ಕನ್ನು ಕೆರೆಯುತ್ತಿದೆ ಎಂದೇ ತಿಳಿಯಬೇಕು. ಆ ಗಾಡಿ ಪ್ಯಾಡು ಬದಲಾಗುವವರೆಗೆ ಅಂಗಳವನ್ನು ದಾಟಬಾರದು. ಒಂದೆರಡು ದಿನ ಬಸ್ಸಿನಲ್ಲಿ ಹೋದರೆ ಯಾರ ಮರ್ಯಾದೆಯೂ ಕಡಿಮೆಯಾಗುವುದಿಲ್ಲ.

ವ್ಯಾಕರಣ, ಅಲಂಕಾರ ಓದಿಕೊಂಡವರು ಬ್ರೇಕಿನ ವಿಚಾರಕ್ಕೆ ಏಕೆ ಕೈಹಾಕಿದರೆಂದು ಕೆಲವು ವಾಚಕರಿಗೆ ಅನ್ನಿಸಬಹುದು. ಮಠದ ಪಾಠಶಾಲೆಯಲ್ಲಿ ನಮಗೆ ಬೆಳಿಗ್ಗೆ ಪಾಠವಾದರೆ ಸಂಜೆ ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವ ಸರದಿ ಇರುತ್ತಿತ್ತು. ಇಳಿಜಾರಿನಲ್ಲಿ ಗಾಲಿಗೆ ಒತ್ತಿ ಹಿಡಿಯುವ ಮರದ ತುಂಡು ಸವೆದಿದೆಯೋ ಇಲ್ಲವೋ ಎಂಬುದನ್ನು ಬಂಡಿ ಕಟ್ಟುವ ಮುನ್ನ ಬೆರಳಿನಿಂದ ಮುಟ್ಟಿ ನೋಡುವುದೂ ನಮ್ಮ ಕೆಲಸವಾಗಿತ್ತು. ಮುಂದೆ ಮಠಕ್ಕೆ ಮೈಸೂರಿನಲ್ಲಿ ತಯಾರಾದ ಒಂದು ಯೆಜ್ಡಿ ಬಂದಿತು. ಐಡಿಯಲ್ ಜಾವಾ ಕಂಪನಿಯವರು 1961ರಿಂದ 1996ರವರೆಗೆ ಮೋಟಾರು ಸೈಕಲ್ಲುಗಳನ್ನು ನಮ್ಮ ಮೈಸೂರಿನಲ್ಲಿಯೇ ತಯಾರಿಸುತ್ತಿದ್ದರು. ಅದರ ಎರಡು ಗಾಲಿಗಳಿಗೂ ಡ್ರಮ್ಮಿನ ಬ್ರೇಕು. ಗುಂಡನೆಯ ಡಬ್ಬಿಯೊಳಗೆ ಎರಡು ಅರ್ಧಚಂದ್ರಾಕಾರದ ಶೂಗಳು ಹಿಗ್ಗಿ ಒಳಗೋಡೆಯನ್ನು ಒತ್ತುವ ವ್ಯವಸ್ಥೆ. 1999ರಲ್ಲಿ ಹೀರೋ ಹೋಂಡಾದ ಸಿ.ಬಿ.ಜೆಡ್., 2001ರಲ್ಲಿ ಬಜಾಜ್ ಪಲ್ಸರ್ ಬಂದ ತರುವಾಯ ಮುಂಗಾಲಿಗೆ ಡಿಸ್ಕ್ ಬ್ರೇಕು ನಮ್ಮ ಊರುಗಳಲ್ಲಿ ಸಾಮಾನ್ಯವಾಗತೊಡಗಿತು. ಇಂದು ಸಂಡೂರಿನ ಯಾವ ಓಣಿಯಲ್ಲಿ ನೋಡಿದರೂ ಮುಂಗಾಲಿಯ ಪಕ್ಕದಲ್ಲಿ ರಂಧ್ರಗಳಿರುವ ಹೊಳೆಯುವ ತಟ್ಟೆ ಕಾಣುತ್ತದೆ. ಅದೇ ಡಿಸ್ಕು. ಅದನ್ನು ಇಕ್ಕಳದಂತೆ ಕಚ್ಚಿಕೊಂಡಿರುವ ಗಂಟೇ ಕ್ಯಾಲಿಪರ್. ಆ ಇಕ್ಕಳದ ಎರಡು ತುಟಿಗಳೇ ಬ್ರೇಕ್ ಪ್ಯಾಡುಗಳು. ಕೈಯ ಲಿವರನ್ನು ಒತ್ತಿದಾಗ ಬ್ರೇಕ್ ಆಯಿಲ್ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಪ್ಯಾಡನ್ನು ತಳ್ಳುತ್ತದೆ, ತಟ್ಟೆ ಎರಡು ಪ್ಯಾಡುಗಳ ನಡುವೆ ಸಿಕ್ಕಿ ನಿಧಾನವಾಗುತ್ತದೆ. ಮರದ ತುಂಡಿನ ತತ್ತ್ವವೇ ಇಲ್ಲಿಯೂ ಇದೆ.

ಸಂಡೂರಿನವರಿಗೆ ಇದನ್ನು ವಿಶೇಷವಾಗಿ ಏಕೆ ಹೇಳಬೇಕಾಗಿದೆ ಎಂದರೆ, ಕಂಪನಿಯವರು ಕೊಡುವ ಪುಸ್ತಕದ ಲೆಕ್ಕ ಈ ಊರಿಗೆ ಹೊಂದುವುದಿಲ್ಲ. ಇಂತಿಷ್ಟು ಸಾವಿರ ಕಿಲೋಮೀಟರಿಗೆ ಒಮ್ಮೆ ಪರೀಕ್ಷಿಸಿ ಎಂದು ಬರೆದವರು ನಯವಾದ ರಸ್ತೆಯನ್ನೂ ಸಾಧಾರಣ ಧೂಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿರುತ್ತಾರೆ. ಸಂಡೂರಿನ ಧೂಳು ಸಾಧಾರಣ ಧೂಳಲ್ಲ. ಸುತ್ತಲಿನ ಬೆಟ್ಟಗಳಿಂದ ಇಳಿಯುವುದು ಹೆಮಟೈಟ್ ಎಂಬ ಕಬ್ಬಿಣದ ಅದಿರು. ಅಕ್ಕಸಾಲಿಗರು ಚಿನ್ನಕ್ಕೆ ಹೊಳಪು ಕೊಡಲು ಉಜ್ಜುವ ಕೆಂಪು ಪುಡಿಯೂ ಇದೇ ಜಾತಿಯ ಕಬ್ಬಿಣದ ಆಕ್ಸೈಡು. ಚಿನ್ನವನ್ನು ಸವೆಸುವ ಪದಾರ್ಥ ಪ್ಯಾಡನ್ನು ಬಿಟ್ಟೀತೇ? ಅಂಗಡಿಯ ಪುಡಿಯಾದರೂ ಬಟ್ಟೆಯಲ್ಲಿ ಸೋಸಿದ ಹಾಗೆ ನಯವಾಗಿರುತ್ತದೆ. ರಸ್ತೆಯ ಪುಡಿಯಲ್ಲಿ ಹರಳುಗಳೂ ಮರಳೂ ಬೆರೆತಿರುತ್ತವೆ. 2011ರ ಜುಲೈ ತಿಂಗಳಿನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಈ ರಸ್ತೆಗಳಲ್ಲಿ ಲಾರಿಗಳ ಸಾಲು ನಿಂತಿತ್ತು. 2013ರಲ್ಲಿ ಷರತ್ತುಗಳೊಂದಿಗೆ ಕೆಲವು ಗಣಿಗಳಿಗೆ ಪುನಃ ಅನುಮತಿ ದೊರೆಯಿತು, ಲಾರಿಗಳೂ ಮರಳಿದವು, ಧೂಳೂ ಮರಳಿತು. ಬೇಸಿಗೆಯಲ್ಲಿ ಈ ಪುಡಿ ಪ್ಯಾಡಿಗೂ ಡಿಸ್ಕಿಗೂ ನಡುವೆ ಸೇರುತ್ತದೆ. ಮಳೆಗಾಲದಲ್ಲಿ ಕೆಂಪು ರಾಡಿಯಾಗಿ ಕ್ಯಾಲಿಪರಿನ ಸಂದುಗಳಲ್ಲಿ ಸೇರಿ, ಬಿಸಿಲು ಬಿದ್ದೊಡನೆ ಗಾರೆಯಂತೆ ಗಟ್ಟಿಯಾಗುತ್ತದೆ. ಆಗ ಒಂದು ಪ್ಯಾಡು ಸರಿಯಾಗಿ ಹಿಂದಕ್ಕೆ ಸರಿಯದೆ ಸದಾ ಡಿಸ್ಕಿಗೆ ತಾಗಿಕೊಂಡೇ ಇರುತ್ತದೆ. ಒಂದು ಬದಿಯ ಪ್ಯಾಡು ಹೊಸದರಂತೆ, ಇನ್ನೊಂದು ಬದಿಯದು ಕಾಗದದಂತೆ ಸವೆದಿರುವುದನ್ನು ಇಲ್ಲಿನ ಗ್ಯಾರೇಜಿನ ಮಿಸ್ತ್ರಿಗಳು ಎಷ್ಟೋ ಬಾರಿ ನೋಡಿರುತ್ತಾರೆ. ಕಾರಣ ಇಷ್ಟೇ.

ಎರಡನೆಯದು ಇಳಿಜಾರು. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ನಮ್ಮ ತರುಣರಲ್ಲಿ ಒಂದು ಕೆಟ್ಟ ಚಾಳಿ ಬೆಳೆದಿದೆ. ಬೆಟ್ಟದ ಇಳಿಜಾರು ಬಂದೊಡನೆ ಎಂಜಿನ್ ಬಂದ್ ಮಾಡಿ, ಇಲ್ಲವೇ ನ್ಯೂಟ್ರಲ್ಲಿಗೆ ಹಾಕಿ, ಪೆಟ್ರೋಲ್ ಉಳಿಯಿತೆಂದು ಹಿಗ್ಗುತ್ತಾ ಜಾರಿಕೊಂಡು ಬರುವುದು. ಗಾಡಿ, ಗಂಡ, ಹೆಂಡತಿ, ಮಗು, ಕೈಚೀಲ ಎಲ್ಲ ಸೇರಿ 300 ಕಿಲೋ ತೂಕವೆಂದು ಇಟ್ಟುಕೊಳ್ಳೋಣ. ಇಷ್ಟು ಭಾರ 300 ಮೀಟರು ಎತ್ತರದಿಂದ ಕೆಳಗೆ ಇಳಿದರೆ ಅದರಿಂದ ಬಿಡುಗಡೆಯಾಗುವ ಶಕ್ತಿ ಸುಮಾರು 880 ಕಿಲೋಜೂಲ್. ಈ ಲೆಕ್ಕ ಹೈಸ್ಕೂಲಿನ ಮಕ್ಕಳಿಗೂ ಬರುತ್ತದೆ. ಮನೆಯ ಭಾಷೆಯಲ್ಲಿ ಹೇಳುವುದಾದರೆ, ಮೂರು ಲೀಟರು ತಣ್ಣೀರನ್ನು ಮರಳುವ ಹದಕ್ಕೆ ತರುವಷ್ಟು ಕಾವು. ಗಾಳಿಯೂ ಟಯರೂ ಇದರಲ್ಲಿ ಒಂದು ಪಾಲನ್ನು ತೆಗೆದುಕೊಳ್ಳುತ್ತವೆ. ಗೇರಿನಲ್ಲಿ ಇಳಿಸಿದರೆ ಎಂಜಿನ್ನು ದೊಡ್ಡ ಪಾಲನ್ನು ತೆಗೆದುಕೊಳ್ಳುತ್ತದೆ. ಗೇರು ತಪ್ಪಿಸಿದಿರೋ, ಉಳಿದಷ್ಟೂ ಕಾವು ಅಂಗೈಯಷ್ಟೂ ಅಗಲವಿಲ್ಲದ ಆ ಪ್ಯಾಡುಗಳ ಮೇಲೆ, ಊಟದ ತಟ್ಟೆಯ ಅಗಲದ ಆ ಡಿಸ್ಕಿನ ಮೇಲೆ, ಹಿಂಗಾಲಿಯ ಡ್ರಮ್ಮಿನ ಮೇಲೆ ಬೀಳುತ್ತದೆ. ಪ್ಯಾಡು ಸವೆದು ತೆಳ್ಳಗಾಗಿದ್ದರೆ ಆ ಕಾವು ತಡೆಯಿಲ್ಲದೆ ಪಿಸ್ಟನ್ನಿಗೂ ಅಲ್ಲಿಂದ ಬ್ರೇಕ್ ಆಯಿಲಿಗೂ ಹತ್ತುತ್ತದೆ.

ಬ್ರೇಕ್ ಆಯಿಲ್ ಎಂದು ನಾವು ರೂಢಿಯಲ್ಲಿ ಕರೆಯುವುದು ಎಣ್ಣೆಯೇ ಅಲ್ಲ. ಅದು ಗ್ಲೈಕಾಲ್ ಜಾತಿಯ ದ್ರವ. ಉಪ್ಪಿನಂತೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಸ್ವಭಾವ ಅದಕ್ಕಿದೆ. ಡಾಟ್ 4 ಎಂಬ ದರ್ಜೆಯ ದ್ರವ ಹೊಸದಾಗಿದ್ದಾಗ 230 ಡಿಗ್ರಿಗಿಂತ ಕೆಳಗೆ ಕುದಿಯಬಾರದೆಂದು ನಿಯಮವಿದೆ. ತೇವ ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಹಳೆಯ ದ್ರವ ಕುದಿದು ಆವಿಯ ಗುಳ್ಳೆಗಳಾದರೆ, ಲಿವರನ್ನು ಎಷ್ಟು ಒತ್ತಿದರೂ ಗುಳ್ಳೆಗಳು ಅಮುಕಿಕೊಳ್ಳುತ್ತವೆಯೇ ಹೊರತು ಪಿಸ್ಟನ್ ಸರಿಯುವುದಿಲ್ಲ. ಲಿವರು ಮೆತ್ತಗಾಗಿ ಹ್ಯಾಂಡಲ್ಲಿಗೆ ಬಂದು ತಾಗುತ್ತದೆ. ‘ಬೆಟ್ಟ ಹತ್ತುವಾಗ ಬ್ರೇಕು ಸರಿಯಾಗಿಯೇ ಇತ್ತಲ್ಲ’ ಎಂದು ಅಪಘಾತವಾದ ಮೇಲೆ ಜನರು ಆಶ್ಚರ್ಯಪಡುತ್ತಾರೆ. ಹತ್ತುವಾಗ ಬ್ರೇಕಿನ ಕೆಲಸವೇ ಇರಲಿಲ್ಲ ಎಂಬುದು ಅವರ ಗಮನಕ್ಕೆ ಬಂದಿರುವುದಿಲ್ಲ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ ಎಂದು ಹಿಂದಿನ ಲಾರಿ ಚಾಲಕರು ಹೇಳುತ್ತಿದ್ದುದು ಮೋಟಾರು ಸೈಕಲ್ಲಿಗೂ ಅನ್ವಯಿಸುತ್ತದೆ. ಉಳಿಯುವ ಪೆಟ್ರೋಲು ಒಂದು ಚಹಾದ ಬೆಲೆಯನ್ನೂ ಮುಟ್ಟುವುದಿಲ್ಲ.

ಸಮತಟ್ಟಾದ ರಸ್ತೆಯಲ್ಲಿಯೂ ಒಂದು ಲೆಕ್ಕವನ್ನು ನೋಡಿ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವ ಗಾಡಿ, ಒಳ್ಳೆಯ ಬ್ರೇಕಿದ್ದರೆ, ಬ್ರೇಕು ಹಿಡಿದ ಮೇಲೆ ಸುಮಾರು 23 ಮೀಟರಿನಲ್ಲಿ ನಿಲ್ಲುತ್ತದೆ. ಬ್ರೇಕಿನ ಶಕ್ತಿ ಮೂರರಲ್ಲಿ ಒಂದು ಪಾಲು ಕುಗ್ಗಿದ್ದರೆ ಅದೇ ಗಾಡಿಗೆ ಸುಮಾರು 35 ಮೀಟರು ಬೇಕು. ವ್ಯತ್ಯಾಸ ಒಂದು ಟಿಪ್ಪರ್ ಲಾರಿಯ ಉದ್ದದಷ್ಟು. ಅಷ್ಟೇ ಅಲ್ಲ: ಒಳ್ಳೆಯ ಬ್ರೇಕಿನ ಗಾಡಿ ಪೂರ್ಣ ನಿಂತುಹೋದ ಸ್ಥಳದಲ್ಲಿ ಈ ಗಾಡಿ ಇನ್ನೂ ಗಂಟೆಗೆ 35 ಕಿಲೋಮೀಟರು ವೇಗದಲ್ಲಿರುತ್ತದೆ. ಅದಿರು ಲಾರಿಯೊಂದು ಮುಂದೆ ಹಠಾತ್ತಾಗಿ ನಿಂತಾಗ, ಅದರ ಹಿಂದಿನ ದೀಪಗಳೂ ಕೆಂಧೂಳಿನಿಂದ ಮುಚ್ಚಿರುವಾಗ, ಈ ಅಂಕಿಗಳ ಅರ್ಥ ಮನೆಯಲ್ಲಿ ಕಾಯುತ್ತಿರುವವರಿಗೆ ತಿಳಿದರೆ ಸಾಕು.

ಇನ್ನು ನೋಡುವ ಕ್ರಮ. ಹದಿನೈದು ದಿನಗಳಿಗೊಮ್ಮೆ ಐದು ನಿಮಿಷ ಸಾಕು. ಪಾನಾ ಬೇಡ, ಒಂದು ಬ್ಯಾಟರಿ ದೀಪವಿದ್ದರೆ ಆಯಿತು. ಗಾಡಿ ತಣ್ಣಗಿರುವಾಗ ಡಬಲ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂಗಾಲಿಯ ಎದುರಿಗೆ ಕುಳಿತು ಕ್ಯಾಲಿಪರಿನ ಸಂದಿಯೊಳಗೆ ಬೆಳಕು ಬಿಡಿ. ಹೊಳೆಯುವ ಡಿಸ್ಕಿನ ಎರಡೂ ಕಡೆಗೆ ಕಪ್ಪು ಅಥವಾ ಕಂದು ಬಣ್ಣದ ಪದರವೂ, ಅದರ ಬೆನ್ನಿಗೆ ಕಬ್ಬಿಣದ ತಗಡೂ ಕಾಣುತ್ತವೆ. ಆ ಕಪ್ಪು ಪದರದ ದಪ್ಪವೇ ನಾವು ನೋಡಬೇಕಾದದ್ದು. ಹಲವು ಪ್ಯಾಡುಗಳಲ್ಲಿ ಒಂದು ಗೀರು ಅಥವಾ ಕಾಲುವೆ ಇರುತ್ತದೆ. ಅದು ಅಳಿಸಿಹೋಯಿತೆಂದರೆ ಆಯುಷ್ಯ ಮುಗಿಯಿತು. ಗೀರು ಕಾಣದಿದ್ದರೆ, ಪದರವು ಹತ್ತು ರೂಪಾಯಿಯ ನಾಣ್ಯದಷ್ಟು ದಪ್ಪಕ್ಕೆ ಬಂದಾಗಲೇ ಹೊಸದನ್ನು ತಂದಿಡಿ. ಸಾಮಾನ್ಯವಾಗಿ ಕಂಪನಿಯವರು ಹೇಳುವ ಕೊನೆಯ ಮಿತಿ ಒಂದರಿಂದ ಒಂದೂವರೆ ಮಿಲಿಮೀಟರು. ಆದರೆ ಸಂಡೂರಿನ ಧೂಳಿನಲ್ಲಿ ಕೊನೆಯ ಮಿಲಿಮೀಟರು ಬಹಳ ಬೇಗ ಕರಗುತ್ತದೆ. ಎರಡೂ ಪ್ಯಾಡುಗಳನ್ನು ನೋಡಬೇಕು. ಹೊರಗಿನದು ಕಣ್ಣಿಗೆ ಬೀಳುತ್ತದೆ, ಒಳಗಿನದೇ ಅನೇಕ ವೇಳೆ ಮೊದಲು ಮುಗಿಯುತ್ತದೆ. ಹ್ಯಾಂಡಲ್ಲಿನ ಬಳಿ ಇರುವ ಬ್ರೇಕ್ ಆಯಿಲಿನ ಡಬ್ಬಿಯ ಕಿಟಕಿಯಲ್ಲಿ ದ್ರವದ ಮಟ್ಟವನ್ನೂ ನೋಡಿ. ಪ್ಯಾಡು ಸವೆದಂತೆ ಪಿಸ್ಟನ್ ಮುಂದೆ ಬರುವುದರಿಂದ ಮಟ್ಟ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಅದನ್ನು ಕಂಡು ಮೇಲಿಂದ ಸುರಿದು ತುಂಬಿಸಿಬಿಟ್ಟರೆ, ಹೊಸ ಪ್ಯಾಡು ಹಾಕುವಾಗ ದ್ರವ ಉಕ್ಕಿ ಹೊರಬರುತ್ತದೆ.

ಬದಲಾಯಿಸುವ ಕೆಲಸ ಪಾನಾ ಹಿಡಿದು ಅಭ್ಯಾಸವಿರುವವರಿಗೆ ಒಂದು ತಾಸಿನದು. ಅಭ್ಯಾಸವಿಲ್ಲದವರು ಮೊದಲ ಬಾರಿ ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡುವುದು ಲೇಸು. ಅಂಗಡಿಗೆ ಹೋಗುವಾಗ ಗಾಡಿಯ ಹೆಸರು, ಮಾದರಿ, ವರ್ಷ ಬರೆದುಕೊಂಡು ಹೋಗಿ. ಒಂದೇ ಹೆಸರಿನ ಗಾಡಿಗೆ ವರ್ಷಕ್ಕೊಂದು ಬಗೆಯ ಪ್ಯಾಡು ಇರುವುದುಂಟು. ಜೋಡಿಯಾಗಿಯೇ ಕೊಳ್ಳಬೇಕು, ಜೋಡಿಯಾಗಿಯೇ ಹಾಕಬೇಕು. ಪೆಟ್ಟಿಗೆಯಿಲ್ಲದ, ಹೆಸರಿಲ್ಲದ, ಬಿಡಿಯಾಗಿ ತೂಗುಹಾಕಿದ ಸರಕನ್ನು ಐವತ್ತು ರೂಪಾಯಿ ಉಳಿಯುತ್ತದೆಂದು ತರುವುದನ್ನು ನಾವು ಒಪ್ಪುವುದಿಲ್ಲ. ಮದುವೆಯ ಪೆಂಡಾಲಿಗೆ ಲಕ್ಷಗಟ್ಟಲೆ ಸುರಿಯುವ ಮನೆಗಳಲ್ಲಿಯೇ ಈ ಉಳಿತಾಯದ ಬುದ್ಧಿ ಹೆಚ್ಚು ಕಾಣುತ್ತದೆ, ಇರಲಿ. ಒಳ್ಳೆಯ ಜೋಡಿಗೂ ಕೆಲವು ನೂರು ರೂಪಾಯಿಗಳೇ. ಅದನ್ನು ಮುಂದೂಡಿ ಡಿಸ್ಕನ್ನೇ ಕೆರೆಸಿಕೊಂಡರೆ ಖರ್ಚು ಹಲವು ಪಟ್ಟು.

ಕೆಲಸಕ್ಕೆ ಕೂರುವ ಮುನ್ನ ಗಾಡಿ ಅಲುಗಾಡದಂತೆ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಪೆಟ್ರೋಲ್ ಟ್ಯಾಂಕಿಗೆ ಹಳೆಯ ಬಟ್ಟೆಯನ್ನು ಹೊದಿಸಿ. ಬ್ರೇಕ್ ಆಯಿಲ್ ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೇ ತಿನ್ನುತ್ತದೆ. ಬಿದ್ದರೆ ಒರೆಸುತ್ತಾ ಕೂರದೆ ಕೂಡಲೇ ನೀರು ಸುರಿಯಬೇಕು. ಕ್ಯಾಲಿಪರಿನ ಹೊರಮೈಯನ್ನು ಸಾಬೂನು ನೀರಿನಿಂದ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚೆನ್ನಾಗಿ ತೊಳೆಯಿರಿ. ಒಣ ಧೂಳನ್ನು ಬಾಯಿಂದ ಊದಬಾರದು, ಗಾಳಿಯ ಪಂಪನ್ನೂ ಹಿಡಿಯಬಾರದು. ಹಿಂದಿನ ಕಾಲದ ಬ್ರೇಕಿನ ಪದರಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದು ಶ್ವಾಸಕೋಶಕ್ಕೆ ಎಂತಹ ಶತ್ರು ಎಂಬುದು ಈಗ ಎಲ್ಲರಿಗೂ ತಿಳಿದಿದೆ. ಅದಿಲ್ಲದ ಪ್ಯಾಡಿನ ಪುಡಿಯೂ, ನಮ್ಮ ಕೆಂಧೂಳೂ ಎದೆಗೆ ಹಿತವಲ್ಲ. ಒದ್ದೆ ಬಟ್ಟೆಯೇ ಸರಿ. ಮಕ್ಕಳನ್ನು ದೂರವಿರಿಸಿ.

ಪ್ಯಾಡುಗಳು ಒಂದು ಅಥವಾ ಎರಡು ಕಡ್ಡಿಗಳ ಮೇಲೆ ತೂಗುತ್ತಿರುತ್ತವೆ. ಕ್ಯಾಲಿಪರು ಇನ್ನೂ ಫೋರ್ಕಿಗೆ ಬಿಗಿದಿರುವಾಗಲೇ ಆ ಕಡ್ಡಿಯನ್ನು ತುಸು ಸಡಿಲಿಸಿಕೊಂಡರೆ ಕೆಲಸ ಹಗುರ. ಬಿಚ್ಚಿ ಕೈಯಲ್ಲಿ ಹಿಡಿದ ಮೇಲೆ ಅದು ಜಗ್ಗುವುದಿಲ್ಲ. ಬಳಿಕ ಕ್ಯಾಲಿಪರಿನ ಎರಡು ದೊಡ್ಡ ಬೋಲ್ಟುಗಳನ್ನು ತೆಗೆದು ಅದನ್ನು ಡಿಸ್ಕಿನಿಂದ ಹೊರಗೆ ಎಳೆದುಕೊಳ್ಳಿ. ರಬ್ಬರಿನ ಪೈಪಿನ ಮೇಲೆ ಅದರ ಭಾರ ಬೀಳದಂತೆ ಒಂದು ಸುತಳಿಯಿಂದ ಕಟ್ಟಿಡಿ. ಒಳಗಿರುವ ಸ್ಪ್ರಿಂಗಿನ ತಗಡು ಯಾವ ಮುಖವಾಗಿ ಕೂತಿದೆ ಎಂಬುದನ್ನು ಪ್ಯಾಡು ತೆಗೆಯುವ ಮುಂಚೆ ಮೊಬೈಲಿನಲ್ಲಿ ಒಂದು ಚಿತ್ರ ಹಿಡಿದಿಟ್ಟುಕೊಳ್ಳಿ. ಇಲ್ಲವಾದರೆ ಹಾಕುವಾಗ ಅದೇ ಒಂದು ಶಾಸ್ತ್ರಾರ್ಥವಾಗುತ್ತದೆ. ಕಡ್ಡಿ ಎಳೆದರೆ ಹಳೆಯ ಪ್ಯಾಡುಗಳು ಕೈಗೆ ಬರುತ್ತವೆ. ಆಮೇಲೆ ಎಲ್ಲವೂ ಪುನಃ ಡಿಸ್ಕಿನ ಮೇಲೆ ಕೂರುವವರೆಗೆ ಕೈಯ ಲಿವರನ್ನು ಯಾರೂ ಒತ್ತಬಾರದು. ಒತ್ತಿದರೆ ಪಿಸ್ಟನ್ ಹೊರಕ್ಕೆ ಬಂದುಬಿಡುತ್ತದೆ, ಮನೆಯ ಕೆಲಸ ಗ್ಯಾರೇಜಿನ ಕೆಲಸವಾಗುತ್ತದೆ. ಮನೆಯಲ್ಲಿ ಹುಡುಗರಿದ್ದರೆ ಲಿವರಿಗೊಂದು ಬಟ್ಟೆ ಸುತ್ತಿ ಕಟ್ಟಿಬಿಡಿ. ಲಿವರನ್ನು ಕಂಡರೆ ಒತ್ತದಿರುವ ಹುಡುಗನನ್ನು ನಾವು ಈವರೆಗೆ ಕಂಡಿಲ್ಲ.

ಸಂಡೂರಿನವರು ಎಲ್ಲಕ್ಕಿಂತ ಹೆಚ್ಚು ಕಾಳಜಿ ವಹಿಸಬೇಕಾದ ಹೆಜ್ಜೆ ಇನ್ನು ಮುಂದಿನದು. ಹೊಸ ಪ್ಯಾಡು ದಪ್ಪವಾಗಿರುವುದರಿಂದ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿ ಜಾಗ ಮಾಡಬೇಕು. ಅಷ್ಟು ದಿನ ಹೊರಗೆ ಚಾಚಿಕೊಂಡಿದ್ದ ಪಿಸ್ಟನ್ನಿನ ಮೈಗೆ ಕೆಂಪು ಹೊರೆ ಮೆತ್ತಿಕೊಂಡಿರುತ್ತದೆ. ಅದನ್ನು ಹಾಗೆಯೇ ಒಳಗೆ ನೂಕಿದರೆ ಆ ಹರಳುಗಳು ಒಳಗಿನ ರಬ್ಬರಿನ ಉಂಗುರವನ್ನು ಗೀರುತ್ತವೆ. ಆ ದಿನ ಏನೂ ತಿಳಿಯುವುದಿಲ್ಲ. ಕೆಲವು ವಾರಗಳ ಮೇಲೆ ದ್ರವ ಜಿನುಗಿ ಹೊಸ ಪ್ಯಾಡಿನ ಮೇಲೆಯೇ ಇಳಿಯುತ್ತದೆ. ಆದ್ದರಿಂದ ಪಿಸ್ಟನ್ನಿನ ಸುತ್ತ ಸಾಬೂನು ನೀರು, ಮೆತ್ತನೆಯ ಬ್ರಷ್ಷು, ಒಣ ಬಟ್ಟೆ ಇವುಗಳಿಂದ ಲೋಹ ಹೊಳೆಯುವವರೆಗೆ ಶುದ್ಧಿ ಮಾಡಿರಿ. ಪೆಟ್ರೋಲು, ಸೀಮೆಎಣ್ಣೆ, ಎಂಜಿನ್ ಆಯಿಲು ಇವು ಆ ರಬ್ಬರಿಗೆ ಆಗಿಬರುವುದಿಲ್ಲ, ರಬ್ಬರು ಊದಿಕೊಳ್ಳುತ್ತದೆ. ಶುದ್ಧವಾದ ಮೇಲೆ ಬ್ರೇಕ್ ಆಯಿಲಿನ ಡಬ್ಬಿಯ ಮುಚ್ಚಳವನ್ನು ಒರೆಸಿ ಸಡಿಲಿಸಿ, ಸುತ್ತಲೂ ಬಟ್ಟೆ ಸುತ್ತಿ, ಪಿಸ್ಟನ್ನನ್ನು ಹೆಬ್ಬೆರಳುಗಳಿಂದ ಅಥವಾ ಒಂದು ಮರದ ಚಪ್ಪಟೆ ತುಂಡಿನಿಂದ ನೇರವಾಗಿ, ನಿಧಾನವಾಗಿ ತಳ್ಳಿ. ಸ್ಕ್ರೂಡ್ರೈವರಿನಿಂದ ಮೀಟಬೇಡಿ. ಡಬ್ಬಿಯಲ್ಲಿ ದ್ರವ ಮೇಲಿನ ಗೆರೆಯನ್ನು ದಾಟಿ ಬಂದರೆ ಹೆಚ್ಚಾದಷ್ಟನ್ನು ಹೀರಿ ತೆಗೆಯಿರಿ.

ಕ್ಯಾಲಿಪರು ಅತ್ತಿತ್ತ ಸರಿಯುವ ನಯವಾದ ಕಡ್ಡಿಗಳಿರುತ್ತವೆ. ಅವನ್ನೂ ಒರೆಸಿ, ಅದಕ್ಕೆಂದೇ ಸಿಗುವ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿದರೆ ಒಂದು ಬದಿಯ ಪ್ಯಾಡು ಮಾತ್ರ ಸವೆಯುವ ರೋಗ ಹೋಗುತ್ತದೆ. ಆ ಕೈಯಿಂದಲೇ ಹೊಸ ಪ್ಯಾಡಿನ ಮುಖವನ್ನಾಗಲಿ ಡಿಸ್ಕನ್ನಾಗಲಿ ಮುಟ್ಟಬಾರದು. ಗ್ರೀಸು ತಾಗಿದ ಪ್ಯಾಡು ಕೈಜಾರಿದ ಕೊಡದಂತೆ. ಪ್ಯಾಡುಗಳನ್ನು ಕೂರಿಸಿ, ಕಡ್ಡಿ ತೂರಿಸಿ, ಕ್ಯಾಲಿಪರನ್ನು ಡಿಸ್ಕಿಗೆ ಏರಿಸಿ, ಬೋಲ್ಟುಗಳನ್ನು ಮೊದಲು ಕೈಯಿಂದ ಹಿಡಿಸಿ ಅನಂತರ ಪಾನಾದಿಂದ ಬಿಗಿಯಿರಿ. ಎಷ್ಟು ಬಿಗಿಯಬೇಕೆಂಬುದು ಗಾಡಿಯ ಪುಸ್ತಕದಲ್ಲಿರುತ್ತದೆ. ಪಾನಾಕ್ಕೆ ಉದ್ದ ಪೈಪು ಸೇರಿಸಿ ಜಗ್ಗುವ ಶೂರರು ಎಳೆಯನ್ನೇ ಕಿತ್ತಿಟ್ಟ ನಿದರ್ಶನಗಳು ಬೇಕಾದಷ್ಟಿವೆ. ಡಬ್ಬಿಯ ಮುಚ್ಚಳವನ್ನು ಮರೆಯದೆ ಬಿಗಿಯಿರಿ.

ಇಲ್ಲಿಗೆ ಕೆಲಸ ಮುಗಿಯಿತೆಂದು ಗಾಡಿ ಏರಿದವನು ಓಣಿಯ ತುದಿಯಲ್ಲಿಯೇ ಬೀಳುತ್ತಾನೆ. ಈಗ ಪಿಸ್ಟನ್ ಹಿಂದಕ್ಕೆ ಹೋಗಿ ಕೂತಿದೆ. ಮೊದಲ ಬಾರಿ ಲಿವರು ಒತ್ತಿದರೆ ಅದು ಬರಿದೇ ಹ್ಯಾಂಡಲ್ಲಿಗೆ ಬಂದು ತಾಗುತ್ತದೆ, ಬ್ರೇಕು ಹಿಡಿಯುವುದೇ ಇಲ್ಲ. ನಿಂತಲ್ಲಿಯೇ ಹತ್ತಾರು ಸಲ ಲಿವರನ್ನು ಒತ್ತಿ ಬಿಡಿ, ಗಟ್ಟಿಯಾಗುವವರೆಗೆ. ಗಾಲಿಯನ್ನು ಕೈಯಿಂದ ತಿರುಗಿಸಿ, ಸರಾಗವಾಗಿ ತಿರುಗುತ್ತದೆಯೇ ನೋಡಿ. ಅಂಗಳದಲ್ಲಿಯೇ ಗಾಡಿಯನ್ನು ತಳ್ಳಿಕೊಂಡು ಹೋಗಿ ಬ್ರೇಕು ಹಿಡಿದು ನೋಡಿ. ಹತ್ತಾರು ಸಲ ಒತ್ತಿದರೂ ಲಿವರು ಮೆತ್ತಗೇ ಇದ್ದರೆ ಒಳಗೆ ಗಾಳಿ ಸೇರಿದೆ ಎಂದರ್ಥ. ಗಾಡಿಯನ್ನು ಓಡಿಸದೆ ಮಿಸ್ತ್ರಿಯನ್ನೇ ಮನೆಗೆ ಕರೆಸಿ. ಎಲ್ಲವೂ ಸರಿಯಿದ್ದರೂ ಹೊಸ ಪ್ಯಾಡು ಡಿಸ್ಕಿಗೆ ಪೂರ್ಣವಾಗಿ ಹೊಂದಿಕೊಳ್ಳಲು ಇನ್ನೂರು ಮುನ್ನೂರು ಕಿಲೋಮೀಟರು ಬೇಕು. ಆ ಅವಧಿಯಲ್ಲಿ ಹಗುರವಾಗಿ, ಮುಂಚಿತವಾಗಿ ಬ್ರೇಕು ಹಿಡಿಯುತ್ತಾ ಹೋಗಬೇಕು, ಮುಂದಿನ ವಾಹನದಿಂದ ಹೆಚ್ಚು ಅಂತರವಿಟ್ಟುಕೊಳ್ಳಬೇಕು. ಶನಿವಾರ ಪ್ಯಾಡು ಹಾಕಿ ಭಾನುವಾರ ಸಂಸಾರವನ್ನೆಲ್ಲ ಕೂರಿಸಿಕೊಂಡು ಬೆಟ್ಟ ಹತ್ತುವುದು ಬೇಡ. ಮುಂದಿನ ರಜೆಗೆ ಹೋದರೂ ಸ್ವಾಮಿ ಅಲ್ಲಿಯೇ ಇರುತ್ತಾನೆ.

ಮನೆಯಲ್ಲಿ ಮುಟ್ಟಬಾರದವು ಕೆಲವಿವೆ. ಕ್ಯಾಲಿಪರಿನ ಸುತ್ತ ಒದ್ದೆಯ ಜಿನುಗು ಕಂಡರೆ, ಡಿಸ್ಕಿನ ಮೇಲೆ ಉಗುರು ಸಿಕ್ಕುವಷ್ಟು ಆಳದ ಗೀರುಗಳಿದ್ದರೆ, ಡಿಸ್ಕಿನ ಮೇಲೆಯೇ ಕೊರೆದಿರುವ ಕನಿಷ್ಠ ದಪ್ಪಕ್ಕಿಂತ ಅದು ತೆಳ್ಳಗಾಗಿದ್ದರೆ ಗ್ಯಾರೇಜಿನ ಕೆಲಸ. ದ್ರವವನ್ನು ಎರಡು ವರ್ಷಕ್ಕೊಮ್ಮೆ ಪೂರ್ಣ ಬದಲಾಯಿಸುವುದೂ ಅಲ್ಲಿಯೇ ಆಗಲಿ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಎಂದಿದೆಯೋ ಡಾಟ್ 4 ಎಂದಿದೆಯೋ ನೋಡಿ ಅದನ್ನೇ ಹಾಕಿಸಿ. 2019ರ ಏಪ್ರಿಲ್ ಒಂದರಿಂದ 125 ಸಿ.ಸಿ.ಗಿಂತ ಹೆಚ್ಚಿನ ಹೊಸ ಗಾಡಿಗಳಿಗೆ ಎ.ಬಿ.ಎಸ್. ಎಂಬ ವ್ಯವಸ್ಥೆಯನ್ನು ಸರ್ಕಾರ ಕಡ್ಡಾಯ ಮಾಡಿತು. ಅದು ಗಾಲಿ ಕಚ್ಚಿಕೊಂಡು ಜಾರದಂತೆ ನೋಡಿಕೊಳ್ಳುತ್ತದೆಯೇ ವಿನಾ ಸವೆದ ಪ್ಯಾಡಿಗೆ ಜೀವ ತುಂಬುವುದಿಲ್ಲ. ಅಂತಹ ಗಾಡಿಯಲ್ಲಿ ಪ್ಯಾಡು ಬದಲಾಯಿಸುವ ಕ್ರಮ ಬಹುಮಟ್ಟಿಗೆ ಇದೇ ಆದರೂ, ಗಾಲಿಯ ಬಳಿಯ ತೆಳ್ಳನೆಯ ತಂತಿಯನ್ನು ಎಳೆಯದಂತೆ ಎಚ್ಚರವಿರಲಿ.

ಹಿಂಗಾಲಿಗೆ ಇನ್ನೂ ಡ್ರಮ್ಮೇ ಇರುವ ಗಾಡಿಗಳು ನಮ್ಮಲ್ಲಿ ಬಹಳ. ಅದರ ಶೂಗಳನ್ನು ಕಣ್ಣಿನಿಂದ ನೋಡಲಾಗದು. ಆದರೆ ಡ್ರಮ್ಮಿನ ಹೊರಗಿನ ತೋಳಿನ ಬುಡದಲ್ಲಿ ಸಣ್ಣ ಬಾಣದ ಗುರುತೊಂದಿರುತ್ತದೆ. ಒಬ್ಬರು ಕಾಲಿನ ಬ್ರೇಕನ್ನು ಪೂರ್ತಿ ಒತ್ತಿ ಹಿಡಿಯಲಿ, ಇನ್ನೊಬ್ಬರು ಹಿಂದೆ ಕುಳಿತು ನೋಡಲಿ. ಬಾಣವು ಡ್ರಮ್ಮಿನ ಮುಚ್ಚಳದ ಮೇಲಿನ ಗುರುತನ್ನು ಮುಟ್ಟಿದರೆ ಶೂ ಬದಲಾಗಬೇಕು. ಕಾಲಿನ ಪೆಡಲು ಎರಡರಿಂದ ಮೂರು ಸೆಂಟಿಮೀಟರು ಕೆಳಗೆ ಹೋದ ಮೇಲೆ ಹಿಡಿಯುವಂತೆ ಹಿಂದಿನ ನಟ್ಟನ್ನು ತಿರುಗಿಸಿ ಹೊಂದಿಸಿಕೊಳ್ಳಬಹುದು. ಆ ನಟ್ಟು ಕಡ್ಡಿಯ ಎಳೆಯ ಕೊನೆಯವರೆಗೆ ಬಂದುಬಿಟ್ಟಿದ್ದರೆ ಇನ್ನೂ ಬಿಗಿಯುವುದರಲ್ಲಿ ಪ್ರಯೋಜನವಿಲ್ಲ. ಬಿಗಿದಷ್ಟಕ್ಕೆ ಒಳಗಿನ ಪದರ ಬೆಳೆಯುವುದಿಲ್ಲ. ಮಳೆಗಾಲದಲ್ಲಿ ಹಳ್ಳದ ನೀರು ದಾಟಿ ಬಂದಾಗ ಡ್ರಮ್ಮಿನೊಳಗೆ ನೀರು ಸೇರಿ ಹಿಂಬ್ರೇಕು ಕೆಲಹೊತ್ತು ಹಿಡಿಯದಿರಬಹುದು. ದಡ ಹತ್ತಿದ ಮೇಲೆ ನಿಧಾನವಾಗಿ ಹೋಗುತ್ತಾ ನಾಲ್ಕಾರು ಸಲ ಹಗುರವಾಗಿ ಒತ್ತಿದರೆ ಆ ಕಾವಿಗೆ ಒಣಗಿ ಸರಿಹೋಗುತ್ತದೆ.